ಕೆವ್ಲಾರ್ ಬಟ್ಟೆಯೂ ಬಿದಿರು ಮುಳ್ಳೂ

ಪ್ರಶ್ನೆ: ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರು ನಾನು. ಮನೆಯಿಂದ ಶಾಲೆಗೆ ಏಳು ಕಿಲೋಮೀಟರ್. ಅರ್ಧ ಡಾಂಬರು, ಇನ್ನರ್ಧ ಅಡಿಕೆ ತೋಟದ ಬದಿಯ ಮಣ್ಣುದಾರಿ, ಎರಡೂ ಕಡೆ ಬಿದಿರು ಮುಳ್ಳಿನ ಬೇಲಿ. ಗೇರ್ ಸೈಕಲ್, ಟಯರ್ ಮೇಲೆ 26 × 1.95 ಎಂದಿದೆ. ಈ ಸಲ ಜೂನಿನಿಂದ ಸೆಪ್ಟೆಂಬರ್ ಒಳಗೆ ಒಂಬತ್ತು ಪಂಕ್ಚರ್! ಪ್ರಾರ್ಥನೆ ಮುಗಿದ ಮೇಲೆ ಸೈಕಲ್ ತಳ್ಳಿಕೊಂಡು ಹೋದರೆ ಮಕ್ಕಳೆದುರು ಮುಖ ತೋರಿಸೋದು ಹೇಗೆ? ಬುಲೆಟ್ ಪ್ರೂಫ್ ಜಾಕೆಟ್ಟಿಗೆ ಹಾಕುವ ಕೆವ್ಲಾರ್ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ ಎನ್ನುತ್ತಾನೆ ಬೆಂಗಳೂರಿನ ಭಾವಮೈದ. ಅದನ್ನು ಮೂರು ಪದರ ಮಾಡಿ, ಪಕ್ಕದ ತೋಟದವರ ರಬ್ಬರ್ ಹಾಲಿನಲ್ಲಿ ಅದ್ದಿ, ಪಂಕ್ಚರ್ ಅಂಗಡಿಯ ಬಿಸಿ ಪ್ರೆಸ್ಸಿನಲ್ಲಿ ಒತ್ತಿಸಿ ನಾನೇ ಟಯರ್ ಮಾಡಿಕೊಳ್ಳಬಹುದೇ? ಕೆವ್ಲಾರ್ ಒಳ್ಳೆಯದೋ, ಡೈನೀಮಾ ಎಂಬ ಇನ್ನೊಂದು ಗಟ್ಟಿ ನಾರು ಒಳ್ಳೆಯದೋ? ಎಲ್ಲಿ ಕೊಳ್ಳುವುದು? ಅಸಲಿ ಎಂದು ತಿಳಿಯುವುದು ಹೇಗೆ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಬಂದ ಕೂಡಲೇ ನಾನು ಉತ್ತರ ಬರೆಯಲಿಲ್ಲ. ಹಳೆ ಟ್ಯೂಬ್ ಇದ್ದರೆ ಕಳಿಸಿ ಎಂದು ಕೇಳಿದ್ದೆ. ನೀವು ಮೂರು ಟ್ಯೂಬ್ ಗಂಟುಕಟ್ಟಿ ಶಿವಮೊಗ್ಗದ ಬಸ್ಸಿಗೆ ಹಾಕಿದಿರಿ. ಒಳ್ಳೆಯದೇ ಆಯಿತು. ಟಯರ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆಗೆ ರಬ್ಬರ್ ಹಿಡಿಸುವ ವಿಭಾಗದಲ್ಲೇ ಇದ್ದವನು ನಾನು. ಬಟ್ಟೆ ವಿಷಯ ಎತ್ತಿದರೆ ನನ್ನ ಮಾತು ಮುಗಿಯೋದಿಲ್ಲ. ಆದರೂ ಬಟ್ಟೆಗಿಂತ ಮೊದಲು ತೂತು ನೋಡಬೇಕು.

ನಿಮ್ಮ ಪ್ಯಾಚ್‌ಗಳನ್ನು ಒಂದೊಂದಾಗಿ ಬಿಸಿಮಾಡಿ ಕಿತ್ತು ನೋಡಿದೆ. ಒಂಬತ್ತರಲ್ಲಿ ಮೂರು ಕಡೆ ಅಕ್ಕಪಕ್ಕ ಎರಡೆರಡು ಸೀಳು ಇವೆ, ಹಾವು ಕಚ್ಚಿದ ಹಾಗೆ. ಇದು ಮುಳ್ಳಿನ ಕೆಲಸ ಅಲ್ಲವೇ ಅಲ್ಲ. ಗಾಳಿ ಕಮ್ಮಿ ಇದ್ದಾಗ ಕಲ್ಲಿಗೋ ಗುಂಡಿ ಅಂಚಿಗೋ ಚಕ್ರ ಬಡಿದು, ರಿಮ್ಮಿನ ಎರಡು ಅಂಚು ಟ್ಯೂಬನ್ನು ಕಚ್ಚಿದ ಗುರುತು. ಇನ್ನೊಂದು ತೂತು ಟ್ಯೂಬಿನ ಒಳಮೈಯಲ್ಲಿದೆ, ಅಂದರೆ ರಿಮ್ ಕಡೆಯ ಮೈಯಲ್ಲಿ. ಅಲ್ಲಿಗೆ ಮುಳ್ಳು ಹೋಗುವುದೇ ಇಲ್ಲ. ಚಕ್ರದ ಕಡ್ಡಿಗಳ ತುದಿ ಮುಚ್ಚುವ ರಿಮ್ ಟೇಪ್ ಜರುಗಿ, ಕಡ್ಡಿಯ ತುದಿ ತಾಗಿರಬೇಕು. ಮತ್ತೊಂದು ಹೊಸ ತೂತೇ ಅಲ್ಲ, ಹಳೆ ಪ್ಯಾಚ್ ಬಿಟ್ಟುಕೊಂಡದ್ದು. ಅಂಟಿಸುವಾಗ ಸೊಲ್ಯೂಷನ್ ಒಣಗಲು ಬಿಟ್ಟಿಲ್ಲ, ಅವಸರ ಮಾಡಿದ್ದಾರೆ.

ಉಳಿದದ್ದು ನಾಲ್ಕು. ಅವು ನಿಜವಾದ ಮುಳ್ಳಿನ ತೂತುಗಳು. ಆದರೆ ಅದರಲ್ಲೂ ಎರಡು ತೂತು ವಾಲ್ವಿನಿಂದ ಸರಿಯಾಗಿ ಒಂದೇ ದೂರದಲ್ಲಿವೆ, ಬೇರೆ ಬೇರೆ ಟ್ಯೂಬಿನಲ್ಲಿ. ನಿಮಗೆ ಅರ್ಥವಾಗಿರಬೇಕು. ಒಂದೇ ಮುಳ್ಳು ಟಯರಿನಲ್ಲೇ ಉಳಿದು, ಹೊಸ ಟ್ಯೂಬನ್ನೂ ಚುಚ್ಚಿದೆ. ಟ್ಯೂಬ್ ಬದಲಾಯಿಸುವಾಗ ಟಯರಿನ ಒಳಮೈಗೆ ಹತ್ತಿ ಬಟ್ಟೆ ಸವರಿ ನೋಡಿದ್ದರೆ ಅದು ಸಿಕ್ಕಿಬೀಳುತ್ತಿತ್ತು. ಬೆರಳಿಗೆ ಸಿಗದ ಮುಳ್ಳಿನ ತುದಿ ಹತ್ತಿ ನೂಲಿಗೆ ಸಿಕ್ಕುತ್ತದೆ.

ಹಾಗಾಗಿ ಜಗತ್ತಿನ ಅತಿ ಗಟ್ಟಿ ಬಟ್ಟೆ ಹಾಕಿದ್ದರೂ ಒಂಬತ್ತರಲ್ಲಿ ಹೆಚ್ಚೆಂದರೆ ನಾಲ್ಕು ತಪ್ಪುತ್ತಿದ್ದವು. ಈ ಲೆಕ್ಕ ನೆನಪಿಟ್ಟುಕೊಂಡು ಮುಂದೆ ಓದಿ. ದುಡ್ಡು ಎಷ್ಟು ಹಾಕಬೇಕು ಅನ್ನೋದು ಇದರ ಮೇಲೇ ನಿಂತಿದೆ.

ಈಗ ಕೆವ್ಲಾರ್ ವಿಷಯ. ಭಾವಮೈದ ಹೇಳಿದ್ದು ಸುಳ್ಳೇನಲ್ಲ. ಅರಾಮಿಡ್ ಎಂಬ ಜಾತಿಯ ನಾರು ಅದು. ಕೆವ್ಲಾರ್ ಎನ್ನುವುದು ಡ್ಯುಪಾಂಟ್ ಕಂಪನಿ ಇಟ್ಟ ಹೆಸರು. ಅದೇ ಜಾತಿಯ ಇನ್ನೊಂದು ನಾರು ಟ್ವಾರಾನ್. ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ 1965ರಲ್ಲಿ ಇದನ್ನು ಕಂಡುಹಿಡಿದಾಗ ಆಕೆಯ ತಂಡ ಹುಡುಕುತ್ತಿದ್ದದ್ದು ಜಾಕೆಟ್ಟಿನ ಬಟ್ಟೆ ಅಲ್ಲ. ಟಯರಿಗೆ ಹಾಕಲು ಹಗುರವಾದ ಗಟ್ಟಿ ನಾರು ಬೇಕಾಗಿತ್ತು. ಜಾಕೆಟ್ ಆಮೇಲಿನ ಕಥೆ. ಅಷ್ಟೇ ತೂಕದ ಉಕ್ಕಿನ ಜೊತೆ ಹೋಲಿಸಿದರೆ ಇದರ ಎಳೆತದ ಬಲ ಸುಮಾರು ಐದು ಪಟ್ಟು.

ಎಳೆತದ ಬಲ ಎಂದೆ, ಗಮನಿಸಿ. ಜನ ತಪ್ಪುವುದು ಇಲ್ಲೇ. ನಿಮ್ಮ ಮನೆಯಲ್ಲಿ ಅಡಿಕೆ ಚೀಲ ಹೊಲಿಯುವ ದಬ್ಬಣ ಇದೆಯಲ್ವಾ? ಗೋಣಿಗೆ ಅದನ್ನು ಚುಚ್ಚಿ ನೋಡಿ. ಒಂದೇ ಒಂದು ನೂಲೂ ಕಡಿಯೋದಿಲ್ಲ. ಹಾಸು ಆ ಕಡೆ, ಹೊಕ್ಕು ಈ ಕಡೆ ಸರಿದು ದಬ್ಬಣಕ್ಕೆ ದಾರಿ ಬಿಡುತ್ತವೆ. ತೆಗೆದ ಮೇಲೆ ಉಗುರಿನಿಂದ ಉಜ್ಜಿದರೆ ತೂತು ಮುಚ್ಚಿಯೂ ಹೋಗುತ್ತದೆ. ನೂಲು ಸೆಣಬಿನದಾದರೇನು, ಕೆವ್ಲಾರಿನದಾದರೇನು, ದಬ್ಬಣಕ್ಕೆ ಎರಡೂ ಒಂದೇ. ಗುಂಡಿನ ಮಾತು ಬೇರೆ. ಗುಂಡು ಮೊಂಡು. ಬಡಿದಾಗ ಎಷ್ಟೋ ನೂಲುಗಳನ್ನು ಒಟ್ಟಿಗೆ ಎಳೆಯುತ್ತದೆ. ಆ ಎಳೆತವನ್ನು ಹತ್ತಾರು ಪದರಗಳು ಹಂಚಿಕೊಳ್ಳುತ್ತವೆ, ಗುಂಡು ನಿಲ್ಲುತ್ತದೆ. ಗುಂಡು ತಡೆಯುವ ಜಾಕೆಟ್ ಸೂಜಿಯಂಥ ಆಯುಧವನ್ನು ತಡೆಯುತ್ತದೆ ಎಂಬ ಭರವಸೆ ಇಲ್ಲ. ಅದಕ್ಕೆಂದೇ ಇನ್ನೂ ಒತ್ತಾದ ನೇಯ್ಗೆಯ, ಒಳಗೆ ತಗಡೋ ಬಿಲ್ಲೆಯೋ ಇರುವ ಜಾಕೆಟ್ ಬೇರೆ ಮಾಡುತ್ತಾರೆ.

ಬಿದಿರು ಮುಳ್ಳು ದಬ್ಬಣದ ಜಾತಿ. ಹಸಿ ಇದ್ದಾಗ ಬಾಗಬಹುದು. ಬೇಲಿ ಕಡಿದು ಎರಡು ವಾರ ಒಣಗಿತೋ, ಮೊಳೆಯ ಹಾಗೆ ಗಟ್ಟಿ. ಮಳೆ ಹಿಡಿಯುವ ಮೊದಲು ಎಲ್ಲರೂ ಬೇಲಿ ಸರಿ ಮಾಡಿಸುತ್ತಾರೆ. ನಿಮ್ಮ ಪಂಕ್ಚರ್ ಶುರುವಾದದ್ದೂ ಜೂನಿನಲ್ಲೇ. ಮೇಲಿಂದ ಮಳೆ. ಒದ್ದೆ ರಬ್ಬರಿನಲ್ಲಿ ಗಾಜು, ಮುಳ್ಳು ಸಲೀಸಾಗಿ ಇಳಿಯುತ್ತವೆ, ನೀರೇ ಎಣ್ಣೆಯ ಕೆಲಸ ಮಾಡುತ್ತದೆ.

ಹಾಗಾದರೆ ಕಂಪನಿಯವರು ಟಯರಿನಲ್ಲಿ ಈ ನಾರು ಹಾಕುವುದು ಸುಳ್ಳೇ? ಸುಳ್ಳಲ್ಲ. ಅಲ್ಲಿ ನೂಲುಗಳು ಬಹಳ ಒತ್ತಾಗಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ನೂಲೂ ರಬ್ಬರಿನಲ್ಲಿ ಹೂತುಹೋಗಿರುತ್ತದೆ. ಸರಿದು ದಾರಿ ಬಿಡಲು ಜಾಗವೇ ಇಲ್ಲ. ಕಾಂಟಿನೆಂಟಲ್ ಕಂಪನಿ ತನ್ನ ಕೆಲವು ಟಯರ್‌ಗಳಲ್ಲಿ ವೆಕ್ಟ್ರಾನ್ ಎಂಬ ನಾರಿನ ಪಟ್ಟಿ ಹಾಕುತ್ತದೆ. 1997ರಲ್ಲಿ ಮಂಗಳ ಗ್ರಹದ ಮೇಲೆ ಪಾತ್‌ಫೈಂಡರ್ ನೌಕೆ ಇಳಿಯುವಾಗ ಅದರ ಸುತ್ತ ಇದ್ದ ಗಾಳಿಚೀಲಗಳೂ ಇದೇ ನಾರಿನವು. ಇನ್ನೊಂದು ಕಡೆ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ನೋಡಿ. ಪಂಕ್ಚರ್ ತಡೆಯಲು ಹೆಸರಾದ ಟಯರ್ ಅದು. ಅದರೊಳಗಿನ ಗುಟ್ಟು 5 ಮಿ.ಮೀ. ದಪ್ಪದ ಮೆತ್ತನೆಯ ರಬ್ಬರ್ ಪದರ. ಡ್ರಾಯಿಂಗ್ ಪಿನ್ ಪೂರ್ತಿ ಒಳಗೆ ಹೋದರೂ ತುದಿ ಟ್ಯೂಬಿಗೆ ಮುಟ್ಟೋದಿಲ್ಲ. ಗಟ್ಟಿತನ ಅಲ್ಲಿ ಲೆಕ್ಕಕ್ಕೇ ಇಲ್ಲ, ಬರೀ ದೂರ.

ಟಯರನ್ನೇ ಮನೆಯಲ್ಲಿ ಮಾಡುವ ಮಾತಿಗೆ ಬರೋಣ. ಬೇಡ ಎನ್ನುತ್ತೇನೆ. ಯಾಕೆ ಎಂದು ಹೇಳದೆ ಬೇಡ ಅಂದರೆ ನೀವು ಕೇಳುವವರಲ್ಲ, ಮೇಷ್ಟ್ರು ಬೇರೆ.

ಸೈಕಲ್ ಟಯರಿಗೆ ಜೀವ ಇರುವುದು ಅಂಚಿನ ತಂತಿಯಲ್ಲಿ. ನಿಮ್ಮ ಟಯರ್ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ 50-559 ಎಂದೋ ಅದಕ್ಕೆ ಹತ್ತಿರದ ಸಂಖ್ಯೆಯೋ ಇರುತ್ತದೆ. 559 ಮಿ.ಮೀ. ಎಂದರೆ ಆ ಅಂಚು ರಿಮ್ಮಿನಲ್ಲಿ ಕೂರುವ ವ್ಯಾಸ. 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿದಾಗ ಆ ತಂತಿಯ ಮೇಲೆ ನೂರು ಕೆಜಿ ದಾಟುವ ಎಳೆತ ಬೀಳುತ್ತದೆ. ಕೈಯಲ್ಲಿ ಮಾಡಿದ ಗಂಟೋ ಬೆಸುಗೆಯೋ ಸ್ವಲ್ಪ ಹಿಗ್ಗಿದರೆ ಟಯರ್ ರಿಮ್ ಬಿಟ್ಟು ಏಳುತ್ತದೆ. ಮನೆ ಅಂಗಳದಲ್ಲಾದರೆ ಡಬ್ ಎಂದು ಸದ್ದಾಗಿ ಮುಗಿಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಮುಂದಿನ ಚಕ್ರದಲ್ಲಿ ಆದರೆ?

ಬಟ್ಟೆಯ ಮೇಲಿನ ಎಳೆತವನ್ನೂ ಲೆಕ್ಕ ಹಾಕಿ ತೋರಿಸುತ್ತೇನೆ, ನಿಮಗೆ ಖುಷಿಯಾಗಬಹುದು. ಗಾಳಿಯ ಒತ್ತಡವನ್ನು ಟಯರಿನ ಅರ್ಧ ಅಗಲದಿಂದ ಗುಣಿಸಿದರೆ ಸಾಕು. ನಿಮ್ಮ ಟಯರಿಗೆ 50 ಪಿಎಸ್‌ಐ ತುಂಬಿದಾಗ ಬಟ್ಟೆಯ ಪ್ರತಿ ಸೆಂಟಿಮೀಟರಿಗೆ ಸುಮಾರು 9 ಕೆಜಿ ಎಳೆತ. ಸಾಮಾನ್ಯ ನೈಲಾನ್ ಇದನ್ನು ಆರಾಮಾಗಿ ಹೊರುತ್ತದೆ. ಅಂದರೆ ನಿಮ್ಮ ಈಗಿನ ಟಯರಿಗೆ ಬಲದ ಕೊರತೆ ಇಲ್ಲವೇ ಇಲ್ಲ. ಕೆವ್ಲಾರ್ ತಂದು ತುಂಬಬೇಕಾದ ಕೊರತೆ ಅಲ್ಲಿಲ್ಲ.

ಇನ್ನೊಂದು ತೊಡಕು. ಟಯರಿನೊಳಗಿನ ಬಟ್ಟೆ ನಾವು ಅಂದುಕೊಂಡ ಹಾಗೆ ನೇಯ್ದದ್ದಲ್ಲ. ಒಂದು ಪದರದಲ್ಲಿ ನೂಲುಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ, ಸುತ್ತ ರಬ್ಬರ್. ಮೇಲಿನ ಪದರದಲ್ಲಿ ಅಡ್ಡ ದಿಕ್ಕಿಗೆ. ಬಹಳ ಹಿಂದೆ ನೇಯ್ದ ಕ್ಯಾನ್ವಾಸನ್ನೇ ಹಾಕುತ್ತಿದ್ದರು. ಚಕ್ರ ಉರುಳಿದ ಹಾಗೆಲ್ಲ ಹಾಸು ಹೊಕ್ಕು ಒಂದನ್ನೊಂದು ಗರಗಸದ ಹಾಗೆ ಉಜ್ಜಿ ಸವೆದುಹೋಗುತ್ತಿದ್ದವು. ನೀವು ಮೂರು ಪದರ ನೇಯ್ದ ಬಟ್ಟೆ ಹಾಕಿದರೆ ಅದೇ ಹಳೆಯ ಕಾಯಿಲೆಯನ್ನು ಕರೆದು ಕೂರಿಸಿದ ಹಾಗೆ.

ರಬ್ಬರ್ ಹಾಲಿನ ಉಪಾಯ ಓದಿ ಸಂತೋಷವಾಯಿತು, ನಮ್ಮ ಕಡೆಯವರ ತಲೆ ಹೀಗೇ ಓಡುತ್ತದೆ. ಆದರೆ ಮರದಿಂದ ಇಳಿಸಿದ ಹಾಲು ಒಣಗಿದರೆ ಹಸಿ ರಬ್ಬರ್. ಬಿಸಿಲಿಗೆ ಅಂಟಂಟು, ಚಳಿಗೆ ಬಿರುಸು. ಗಂಧಕ ಸೇರಿಸಿ ಬೇಯಿಸಿದರೆ ಅದು ಪಳಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಕಾರ್ಖಾನೆಯಲ್ಲಿ ಇಡೀ ಟಯರನ್ನು ಅಚ್ಚಿನಲ್ಲಿಟ್ಟು, ಒಳಗಿನಿಂದ ಒತ್ತಡ ಕೊಟ್ಟು, 150 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಪಂಕ್ಚರ್ ಅಂಗಡಿಯ ಪ್ರೆಸ್ ಅಂಗೈಯಗಲ ಜಾಗ ಬೇಯಿಸಬಲ್ಲದು. ಟಯರಿನ ಸುತ್ತ ತುಂಡು ತುಂಡಾಗಿ ಬೇಯಿಸಿದರೆ ಒಂದು ಕಡೆ ಹಸಿ, ಒಂದು ಕಡೆ ಸೀದದ್ದು.

ಅಂಟುವುದೂ ಸುಲಭವಿಲ್ಲ. ಹತ್ತಿ ಬಟ್ಟೆಗೆ ಜುಂಗು ಇದೆ, ರಬ್ಬರ್ ಕಚ್ಚಿಕೊಳ್ಳುತ್ತದೆ. ಕೆವ್ಲಾರ್ ನೂಲು ರೇಷ್ಮೆಯ ಹಾಗೆ ನುಣುಪು. ನಾವು ನೈಲಾನಿಗೆ ಒಂದು ಅಂಟಿನ ಸ್ನಾನ ಮಾಡಿಸಿದರೆ ಅರಾಮಿಡ್‌ಗೆ ಎರಡು ಮಾಡಿಸುತ್ತಿದ್ದೆವು, ಮೊದಲು ಎಪಾಕ್ಸಿ, ಆಮೇಲೆ ಲೇಟೆಕ್ಸ್ ಬೆರೆತ ಅಂಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಆ ಸ್ನಾನ ತಪ್ಪಿಸಿ ಒಂದು ತುಂಡು ಬೇಯಿಸಿ ನೋಡಿದ್ದೆ. ಹಿರಿಯರೊಬ್ಬರು ಬಂದು ಉಗುರಿನಲ್ಲಿ ಎಬ್ಬಿಸಿದರು. ಬಾಳೆಹಣ್ಣಿನ ಸಿಪ್ಪೆ ಬಂದ ಹಾಗೆ ಬಂತು. ಒಂದು ಮಾತೂ ಆಡಲಿಲ್ಲ ಅವರು, ನಕ್ಕು ಹೋದರು.

ಡೈನೀಮಾ ಇನ್ನೂ ಕಷ್ಟ. ಅದು ಪಾಲಿಥೀನಿನ ದೊಡ್ಡಣ್ಣ. ಬಲದಲ್ಲಿ ಕೆವ್ಲಾರಿಗೆ ಸಮ, ತೂಕದಲ್ಲಿ ಹಗುರ, ನೀರಿನಲ್ಲಿ ತೇಲುತ್ತದೆ. ಆದರೆ ಯಾವ ಅಂಟೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಕರಗುವುದು 150 ಡಿಗ್ರಿ ಹತ್ತಿರವೇ. ರಬ್ಬರ್ ಬೇಯಿಸಲು ಹೋದರೆ ನಾರೇ ಕರಗೀತು. ಟಯರ್ ಕೆಲಸಕ್ಕೆ ಇವೆರಡರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ಅರಾಮಿಡ್.

ಟಯರ್ ಮಾಡುವುದು ಬೇಡ. ಆದರೆ ಈಗಿರುವ ಟಯರಿನೊಳಗೆ, ಟ್ಯೂಬಿನ ಮೇಲೆ ಒಂದು ಪಟ್ಟಿ ಹಾಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಪಟ್ಟಿ ಸೋತರೂ ಟಯರ್ ಕೈಬಿಡೋದಿಲ್ಲ. ಹೆಚ್ಚೆಂದರೆ ಇನ್ನೊಂದು ಪಂಕ್ಚರ್.

ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದಿರಿ. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಕೇಳಿ ಉಪಯೋಗವಿಲ್ಲ. ಗ್ಲಾಸ್ ಫೈಬರ್, ಕಾರ್ಬನ್ ಫೈಬರ್, ಎಪಾಕ್ಸಿ ಮಾರುವವರ ಹತ್ತಿರ ಇದು ಸಿಗುತ್ತದೆ. ಬೆಂಗಳೂರಿನಲ್ಲಿ ಅಂಥವರಿದ್ದಾರೆ, ಆನ್‌ಲೈನಿನಲ್ಲೂ ತರಿಸಬಹುದು. ಡ್ರೋನ್, ದೋಣಿ, ಹೆಲ್ಮೆಟ್ ಮಾಡುವವರು ಕೊಳ್ಳುವ ಸರಕು. ಮೀಟರ್ ಅಗಲದ ಥಾನು, ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ. ಇಲ್ಲೊಂದು ಸೂಕ್ಷ್ಮ ಇದೆ, ಮಾರುವವರು ಹೇಳುವುದಿಲ್ಲ. ಈ ಬಟ್ಟೆಯನ್ನು ಬೇಕೆಂದೇ ಸ್ವಲ್ಪ ಸಡಿಲವಾಗಿ ನೇಯ್ದಿರುತ್ತಾರೆ, ಎಪಾಕ್ಸಿ ಒಳಗೆ ಇಳಿಯಬೇಕಲ್ಲ. ನಿಮಗೆ ಬೇಕಾದದ್ದು ಅದಕ್ಕೆ ತೀರಾ ಉಲ್ಟಾ. ಬೆಳಕಿಗೆ ಹಿಡಿದು ನೋಡಿ. ಬೆಳಕು ತೂರಿದಲ್ಲಿ ಮುಳ್ಳೂ ತೂರುತ್ತದೆ. ದಪ್ಪ ನೂಲಿನ ಒಂದು ಪದರಕ್ಕಿಂತ ಸಣ್ಣ ನೂಲಿನ ಒತ್ತಾದ ಎರಡು ಪದರ ಮೇಲು. ಕೈಗೆ ತೊಡುವ, ಚಾಕು ತಾಗದ ಗ್ಲೌಸ್ ಕತ್ತರಿಸಿ ಹಾಕೋಣ ಎಂದು ಕೆಲವರು ಕೇಳುತ್ತಾರೆ. ಅದು ಹೆಣೆದ ಬಟ್ಟೆ, ಸ್ವೆಟರ್ ಹಾಗೆ. ಅದರ ಕಣ್ಣಲ್ಲಿ ಮುಳ್ಳು ನುಗ್ಗಲು ಎಷ್ಟು ಹೊತ್ತು?

ಅಸಲಿ ನಕಲಿ ನೋಡುವುದು ಕಷ್ಟವಲ್ಲ. ಅರಾಮಿಡ್‌ನ ಸಹಜ ಬಣ್ಣ ಬಂಗಾರದ ಹಳದಿ. ಬಣ್ಣ ಹಾಕಿದ ಕಪ್ಪು ಸಹ ಇದೆ. ಬೆಳ್ಳಗಿದ್ದು ಕೆವ್ಲಾರ್ ಎಂದರೆ ಅನುಮಾನ ಪಡಿ. ಮನೆಯ ಕತ್ತರಿ ಹಾಕಿದರೆ ಅಸಲಿ ನೂಲು ಕತ್ತರಿಸದೆ ಅಗಿದ ಹಾಗೆ ಆಗುತ್ತದೆ. ಆಮೇಲೆ ಬೆರಳುದ್ದದ ಎಳೆಯನ್ನು ಅಂಗಳದಲ್ಲಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಅರಾಮಿಡ್ ಕರಗುವುದಿಲ್ಲ, ಕರಿಕಾಗುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತವೆ. ಡೈನೀಮಾ ಬೆಂಕಿ ಹತ್ತಿರ ಬರುವಾಗಲೇ ಮುದುಡಿ, ಮೇಣದ ಬತ್ತಿಯ ವಾಸನೆ ಬರುತ್ತದೆ. ಕರಗಲೂ ಇಲ್ಲ, ಕರಿಕೂ ಆಗಲಿಲ್ಲ ಎಂದರೆ ಅದು ಹಳದಿ ಬಣ್ಣ ಹಾಕಿದ ಗಾಜಿನ ನಾರು. ಅದನ್ನು ಟಯರಿನೊಳಗೆ ತರಲೇಬೇಡಿ. ಮುರಿದು ಸೂಜಿ ಸೂಜಿಯಾಗಿ ಟ್ಯೂಬಿಗೆ ಇಳಿಯುತ್ತದೆ. ಕಾರ್ಬನ್ ಬೆರೆಸಿದ ಹಳದಿ ಕಪ್ಪು ಚೌಕಳಿ ಬಟ್ಟೆಯೂ ಬೇಡ, ಅದೇ ಕಾರಣ.

ಆದರೆ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ನಿಮ್ಮ ಬೇಲಿಯಲ್ಲೇ ಇದೆ. ಕೊಳ್ಳುವ ಮೊದಲು ಅಂಗೈಯಗಲ ಸ್ಯಾಂಪಲ್ ತರಿಸಿ. ಹಳೆ ಟಯರ್ ತುಂಡು, ಅದರ ಕೆಳಗೆ ಈ ಬಟ್ಟೆ, ಅದರ ಕೆಳಗೆ ಟ್ಯೂಬ್ ತುಂಡು ಇಟ್ಟು, ಒಣಗಿದ ಬಿದಿರು ಮುಳ್ಳನ್ನು ಇಕ್ಕಳದಲ್ಲಿ ಹಿಡಿದು ಒತ್ತಿ. ಬಟ್ಟೆ ಇಲ್ಲದೆಯೂ ಒಮ್ಮೆ ಒತ್ತಿ ನೋಡಿ. ಕೈಗೇ ವ್ಯತ್ಯಾಸ ತಿಳಿಯುತ್ತದೆ. ತಿಳಿಯದಿದ್ದರೆ ದುಡ್ಡು ಉಳಿಯಿತು.

ಹಾಕುವ ಕ್ರಮದಲ್ಲಿ ನಾನು ಒಮ್ಮೆ ಕೆಟ್ಟಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಸ್ವಂತ ಸೈಕಲ್ಲಿಗೆ ಅರಾಮಿಡ್ ಪಟ್ಟಿ ಕತ್ತರಿಸಿ ಸುಮ್ನೆ ಟ್ಯೂಬಿನ ಮೇಲೆ ಹಾಸಿದ್ದೆ. ಮೂರು ತಿಂಗಳು ರಾಜಯೋಗ. ನಾಲ್ಕನೆಯ ತಿಂಗಳು ಸಕ್ರೆಬೈಲಿನ ಹತ್ತಿರ ಗಾಳಿ ಹೋಯಿತು. ಬಿಚ್ಚಿ ನೋಡಿದರೆ ಮುಳ್ಳಿಲ್ಲ, ಗಾಜಿಲ್ಲ. ಪಟ್ಟಿಯ ಅಂಚು ಬಿಚ್ಚಿ, ಆ ನೂಲೇ ಟ್ಯೂಬನ್ನು ಉದ್ದಕ್ಕೆ ಉಜ್ಜಿ ಸವೆಸಿತ್ತು. ಪ್ಯಾಚ್ ಹಾಕುವಂತೆಯೂ ಇಲ್ಲ. ಗಾಜನೂರು ತನಕ ತಳ್ಳಿಕೊಂಡು ಬಂದೆ.

ಆದ್ದರಿಂದ ಕೆವ್ಲಾರ್ ಟ್ಯೂಬಿಗೆ ನೇರವಾಗಿ ತಾಗಬಾರದು. ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ, ಬಟ್ಟೆಯ ಪಟ್ಟಿಗಿಂತ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೆಚ್ಚು ಅಗಲ ಇಟ್ಟು, ಸೊಲ್ಯೂಷನ್ ಹಚ್ಚಿ ಬಟ್ಟೆಯ ಮೇಲೆ ಕೂರಿಸಿ. ಆ ರಬ್ಬರ್ ಮುಖ ಟ್ಯೂಬ್ ಕಡೆಗೆ. ಈ ಅಂಟು ಪೂರಾ ಗಟ್ಟಿ ಹಿಡಿಯದಿದ್ದರೂ ನಡೆಯುತ್ತದೆ, ಗಾಳಿಯ ಒತ್ತಡವೇ ಎಲ್ಲವನ್ನೂ ಅದುಮಿ ಇಟ್ಟಿರುತ್ತದೆ. ಅಂಚು ಬಿಚ್ಚದಂತೆ ನೋಡಿಕೊಂಡರೆ ಸಾಕು. ಬಟ್ಟೆಯ ಅಗಲ 35 ಮಿ.ಮೀ. ಇರಲಿ. ಮಗ್ಗುಲಿಗೆ ಬಂದರೆ ಅಲ್ಲಿ ಟಯರ್ ಹೆಚ್ಚು ಮಡಚುತ್ತದೆ, ಬಟ್ಟೆ ಉಜ್ಜುತ್ತದೆ. ನೇರ ಕತ್ತರಿಸಿದ ಪಟ್ಟಿ ಟಯರಿನ ಗುಂಡುಮೈಗೆ ಒಗ್ಗದೆ ಸುಕ್ಕಾಗುತ್ತದೆ. ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿ, ದರ್ಜಿಗಳು ಅಂಚುಪಟ್ಟಿಗೆ ಮಾಡುವ ಹಾಗೆ. ಮೀಟರ್ ಅಗಲದ ಬಟ್ಟೆಯಲ್ಲಿ ಓರೆ ಪಟ್ಟಿ ಒಂದು ಮೀಟರ್ 41 ಸೆಂಟಿಮೀಟರ್ ಉದ್ದ ಮಾತ್ರ ಬರುತ್ತದೆ. ನಿಮ್ಮ ಚಕ್ರಕ್ಕೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಹಾಗಾಗಿ ಒಂದೊಂದು ಚಕ್ರಕ್ಕೆ ಎರಡು ತುಂಡು, ಸೇರುವಲ್ಲಿ ಐದು ಸೆಂಟಿಮೀಟರ್ ಒಂದರ ಮೇಲೊಂದು. ಎಲ್ಲದರ ಮೇಲೆ ಟಾಲ್ಕಂ ಪೌಡರ್ ಸವರಿ. ಸೊಲ್ಯೂಷನ್ ಕೆಲಸ ಬಯಲಲ್ಲಿ ಮಾಡಿ, ಹತ್ತಿರ ದೀಪ ಬೀಡಿ ಯಾವುದೂ ಬೇಡ. ಬಟ್ಟೆ ಉಳಿದರೆ ಬಿಸಿಲಿಗೆ ಬಿಡಬೇಡಿ, ಅರಾಮಿಡ್ ಬಿಸಿಲಿಗೆ ಕಂದಿ ಬಲ ಕಳೆದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಚಕ್ರ ಸ್ವಲ್ಪ ಭಾರವಾಗಿ ಉರುಳುತ್ತದೆ. ಏಳು ಕಿಲೋಮೀಟರಿಗೆ ಅದು ದೊಡ್ಡ ವಿಷಯವಲ್ಲ. ಖರ್ಚು ಮಾತ್ರ ಯೋಚಿಸಿ. ಒಂದು ಮೀಟರ್ ಒಳ್ಳೆ ಅರಾಮಿಡ್ ಬಟ್ಟೆಯ ದುಡ್ಡಿಗೆ ಸಾಮಾನ್ಯವಾಗಿ ಒಂದು ಒಳ್ಳೆ ಟಯರೇ ಬರುತ್ತದೆ.

ಅಗ್ಗದ ದಾರಿಯೂ ಇದೆ. ಗುಜರಿಯಲ್ಲಿ ಕಾರಿನ ಹಳೆ ಸೀಟ್ ಬೆಲ್ಟ್ ಸಿಗುತ್ತದೆ. ಪಾಲಿಯೆಸ್ಟರ್, ಕೆವ್ಲಾರಿನ ಹೆಸರಿಲ್ಲ. ಆದರೆ ಎಷ್ಟು ಒತ್ತಾದ ನೇಯ್ಗೆ ನೋಡಿ! ದಪ್ಪವೂ ಇದೆ, ಅಂಚು ನೇಯ್ಗೆಯಲ್ಲೇ ಮುಗಿದಿರುವುದರಿಂದ ಬಿಚ್ಚುವುದಿಲ್ಲ. ನಿಮ್ಮ ಟಯರಿಗೆ ಅಗಲ ಸ್ವಲ್ಪ ಹೆಚ್ಚಾಯಿತು, ಸುಮಾರು 47 ಮಿ.ಮೀ. ಇರುತ್ತದೆ, ಕತ್ತರಿಸಿದರೆ ಅಂಚಿನ ಲಾಭ ಹೋಗುತ್ತದೆ. ಇನ್ನೂ ದಪ್ಪ ಟಯರ್ ಇರುವವರಿಗೆ ಹೇಳಿ ಮಾಡಿಸಿದ್ದು. ಗುಜರಿಯಲ್ಲಿ ಏರ್‌ಬ್ಯಾಗ್ ಬಟ್ಟೆಯೂ ಕಾಣಬಹುದು, ಒಳ್ಳೆ ನೈಲಾನ್. ಆದರೆ ಬಿರಿದು ಹೊರಗೆ ಬಂದದ್ದನ್ನು ಮಾತ್ರ ಮುಟ್ಟಿ. ಬಿರಿಯದೆ ಇರುವುದರ ಒಳಗೆ ಸಿಡಿಮದ್ದು ಇರುತ್ತದೆ, ಅದನ್ನು ಬಿಚ್ಚಲು ಹೋಗಿ ಕೈ ಕಳೆದುಕೊಳ್ಳಬೇಡಿ.

ನಮ್ಮ ಹಳೇ ಸೈಕಲ್ ಅಂಗಡಿಯವರ ಉಪಾಯ ಇದಕ್ಕಿಂತ ಸರಳ. ಸವೆದ ಟಯರಿನ ಎರಡೂ ಅಂಚು ತಂತಿ ಸಮೇತ ಕತ್ತರಿಸಿ ತೆಗೆದು, ಉಳಿದ ಪಟ್ಟಿಯನ್ನು ಹೊಸ ಟಯರಿನೊಳಗೆ ಹಾಸುವುದು. ಟಯರ್ ಸೀಳಿದಲ್ಲಿ ಒಳಗಿನಿಂದ ಹಾಕುವ ಗೇಟರ್ ನೋಡಿದ್ದೀರಲ್ಲ, ಅದನ್ನೇ ಸುತ್ತಲೂ ಹಾಕಿದ ಹಾಗೆ. ತೂಕ ಜಾಸ್ತಿ, ಓಟ ಮಂದ. ಆದರೆ ಮ್ಯಾರಥಾನ್ ಪ್ಲಸ್‌ನವರು ಮಾಡಿದ್ದೂ ತತ್ವದಲ್ಲಿ ಇದೇ ಅಲ್ವಾ, ಮುಳ್ಳಿಗೂ ಟ್ಯೂಬಿಗೂ ನಡುವೆ ದೂರ ಇಡೋದು. ಹಳೆ ಟಯರಿನ ಕತ್ತರಿಸಿದ ಅಂಚನ್ನು ಚಾಕುವಿನಿಂದ ಓರೆಯಾಗಿ ತೆಳುಮಾಡಿ, ಇಲ್ಲದಿದ್ದರೆ ಅದೂ ಟ್ಯೂಬನ್ನು ಕೊರೆಯುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿಗಳಿಗೂ ಇದೇ ರೋಗ.

ಟ್ಯೂಬಿನೊಳಗೆ ಹಾಕುವ ಸೀಲಂಟ್ ದ್ರವ ಎರಡು ಮೂರು ಮಿಲಿಮೀಟರಿನ ತೂತು ಮುಚ್ಚುತ್ತದೆ. ಮುಳ್ಳಿಗೆ ಅದು ಸಾಕು. ಹಾವು ಕಚ್ಚಿದಂಥ ಸೀಳಿಗೆ ಸಾಕಾಗೋದಿಲ್ಲ. ಲೇಟೆಕ್ಸಿನದಾದರೆ ಕೆಲವು ತಿಂಗಳಿಗೆ ಒಣಗುತ್ತದೆ, ಮತ್ತೆ ಹಾಕಬೇಕು. ಹೊಸ ಟಯರ್ ಕೊಳ್ಳುವುದಾದರೆ ಒಂದು ಎಚ್ಚರಿಕೆ: ಮೇಲೆ ಕೆವ್ಲಾರ್ ಎಂದು ಬರೆದಿದ್ದರೆ ಎಲ್ಲಿ ಹಾಕಿದ್ದಾರೆ ಎಂದು ಕೇಳಿ. ಎಷ್ಟೋ ಟಯರ್‌ಗಳಲ್ಲಿ ಅದು ಇರುವುದು ಅಂಚಿನಲ್ಲಿ ಮಾತ್ರ, ಉಕ್ಕಿನ ತಂತಿಯ ಬದಲು, ಟಯರ್ ಮಡಚಲು ಬರಲಿ ಎಂದು. ಮುಳ್ಳಿಗೂ ಅದಕ್ಕೂ ಸಂಬಂಧವಿಲ್ಲ.

ನಿಮಗೆ ನಾನು ಹೇಳುವ ಕ್ರಮ ಇಷ್ಟು. ಈ ವಾರ ಗೇಜ್ ಇರುವ ಕಾಲು ಪಂಪ್ ಒಂದು ಕೊಳ್ಳಿ. ಗಾಳಿಯನ್ನು ಹೆಬ್ಬೆರಳಿನಿಂದ ಅದುಮಿ ನೋಡಿದರೆ ಸಾಲದು. ಆ ದಪ್ಪದ ಟಯರಿನಲ್ಲಿ ಹೆಬ್ಬೆರಳಿಗೆ 25 ಕೂಡ 45ರ ಹಾಗೇ ಕಾಣುತ್ತದೆ. ಹಿಂದೆ 50, ಮುಂದೆ 45 ಪಿಎಸ್‌ಐ ಇರಲಿ, ಟಯರ್ ಮಗ್ಗುಲಲ್ಲಿ ಬರೆದ ಮಿತಿಯೊಳಗೆ. ಟ್ಯೂಬ್ ಎಷ್ಟೇ ಹೊಸದಿದ್ದರೂ ಗಾಳಿ ಮೆಲ್ಲಗೆ ಸೋರುತ್ತದೆ, ಭಾನುವಾರ ಭಾನುವಾರ ನೋಡಿ. ಮೂರು ಪಂಕ್ಚರ್ ಅಲ್ಲೇ ಕಡಿಮೆ. ಬಟ್ಟೆಯ ರಿಮ್ ಟೇಪ್ ಹೊಸದು ಹಾಕಿಸಿ, ಇನ್ನೊಂದು ಕಡಿಮೆ. ಸಂಜೆ ಸೈಕಲ್ ಇಡುವಾಗ ಚಕ್ರ ಒಂದು ಸುತ್ತು ತಿರುಗಿಸಿ ಕಣ್ಣಾಡಿಸಿ. ಎಷ್ಟೋ ಮುಳ್ಳು, ಗಾಜಿನ ಚೂರು ಮೊದಲ ದಿನವೇ ಟ್ಯೂಬ್ ಮುಟ್ಟುವುದಿಲ್ಲ, ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತವೆ. ಟಯರ್ ಮೇಲಿನ ಹೆಸರನ್ನು ವಾಲ್ವಿನ ನೇರಕ್ಕೆ ಇಟ್ಟು ಕೂರಿಸಿ. ಟ್ಯೂಬಿನಲ್ಲಿ ತೂತು ಸಿಕ್ಕರೆ ಟಯರಿನಲ್ಲಿ ಎಲ್ಲಿ ಹುಡುಕಬೇಕು ಎಂದು ತಕ್ಷಣ ಗೊತ್ತಾಗುತ್ತದೆ.

ಇದಿಷ್ಟು ಮಾಡಿ ಮುಂದಿನ ಮಳೆಗಾಲದ ಮೊದಲ ತಿಂಗಳು ನೋಡಿ. ಆಮೇಲೂ ಮುಳ್ಳಿನ ಕಾಟ ಇದ್ದರೆ ಹಿಂದಿನ ಚಕ್ರಕ್ಕೆ ಮಾತ್ರ ಪಟ್ಟಿ ಹಾಕಿ. ನಿಮ್ಮ ಭಾರ ಹೆಚ್ಚು ಬೀಳುವುದು ಅಲ್ಲೇ, ನಾಲ್ಕು ಮುಳ್ಳಿನ ತೂತಿನಲ್ಲಿ ಮೂರು ಹಿಂದಿನ ಚಕ್ರದವು.

ಮೂರು ಟ್ಯೂಬಿನಲ್ಲಿ ಎರಡಕ್ಕೆ ಹೊಸದಾಗಿ ಪ್ಯಾಚ್ ಹಾಕಿ ಸೋಮವಾರದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ಇನ್ನೂ ಒಂದು ವರ್ಷ ಬರುತ್ತವೆ. ಮೂರನೆಯದು ಟ್ಯೂಬಾಗಿ ಉಪಯೋಗಕ್ಕಿಲ್ಲ. ಅದನ್ನು ಉದ್ದಕ್ಕೆ ಸೀಳಿ ಸುತ್ತಿ ಆ ಎರಡರ ಜೊತೆಗೇ ಇಟ್ಟಿದ್ದೇನೆ, ಪಟ್ಟಿ ಮಾಡುವ ದಿನ ಬಂದರೆ ಬೇಕಾಗುತ್ತದೆ.